ನಾಲ್ಕನೆಯ ಸೌಲಭ್ಯ

ತಿಂಡಿ ಅಂಗಡಿಯಲ್ಲಿ ಹಸಿರು ಪೊಟ್ಟಣ ಇರಲಿಲ್ಲ. ಆ ದಿನದ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಯಿತು ಎಂದು ಲಾಯ್ ಈಗಲೂ ನಂಬಿದ್ದಾನೆ.

ಜೋಳದ ಕುರುಕಲು ತಿಂಡಿಯ ಹಸಿರು ಪೊಟ್ಟಣವೊಂದನ್ನು ಸರ್ವರ್ ಪೆಟ್ಟಿಗೆಯ ಮೇಲಿಟ್ಟರೆ ಯಂತ್ರ ಸಾಧುವಾಗಿರುತ್ತದೆ, ಕೈಕೊಡುವುದಿಲ್ಲ. ಇದು ಬ್ಯಾಂಕಿನವರಿಗೂ ಗೊತ್ತು, ಆಸ್ಪತ್ರೆಯವರಿಗೂ ಗೊತ್ತು. ಹಳದಿ ಇಡಬಾರದು, ಕೆಂಪು ಇಡಲೇಬಾರದು. ರಸ್ತೆಯ ಸಿಗ್ನಲ್ ದೀಪದ ನ್ಯಾಯವೇ ಇಲ್ಲಿಯೂ. ಅವಧಿ ಮುಗಿದಿರಬಾರದು, ಯಾರೂ ತಿನ್ನಬಾರದು. ಲಾಯ್ ಹಿಂದಿನ ದಿನವೇ ತಂದಿಟ್ಟಿದ್ದ ಪೊಟ್ಟಣವನ್ನು ಲಾರಿ ಓಡಿಸುವ ಆ-ಹೂಯ್ ತಿಂದು ಮುಗಿಸಿದ್ದ.

"ಹಸಿವಾಗಿತ್ತಣ್ಣ," ಎಂದ ಆ-ಹೂಯ್. ಐವತ್ತು ದಾಟಿದ, ಅಕ್ಕಿಮೂಟೆಯಂಥ ಆಳು. "ನಿನ್ ಯಂತ್ರಕ್ಕೆ ಹೊಟ್ಟೆ ಇದ್ಯಾ? ನಂಗಿದೆ."

"ಇವತ್ತೇ ಹೊಸ ಸಾಫ್ಟ್‌ವೇರ್ ಹಾಕೋ ದಿನ ಕಣೋ! ಇವತ್ತೇ ತಿನ್ಬೇಕಿತ್ತಾ?"

"ಹಳದಿ ತಂದಿಡು. ಯಂತ್ರಕ್ಕೆ ಕಣ್ಣೂ ಇಲ್ಲ."

ಲಾಯ್ ಹಳದಿಯನ್ನೇ ತಂದ. ಮನಸ್ಸು ತಡೆಯದೆ, ವಯಸ್ಕರ ಡೈಪರ್ ಜಾಹೀರಾತಿನ ಹಸಿರು ಕಾಗದವನ್ನು ಅದಕ್ಕೆ ಸುತ್ತಿ, ಸರ್ವರ್ ಮೇಲಿಟ್ಟು ಕೈಮುಗಿದ. ಮೋಸ ಮಾಡುತ್ತಿದ್ದೇನೆ ಅನ್ನಿಸಿತು. ಮೋಸದ ವಿಷಯದಲ್ಲಿ ಅವನಿಗೆ ಹನ್ನೊಂದು ವರ್ಷದ ಅನುಭವ ಇತ್ತು.

ತೈಪೆಯಿಂದ ಹೊಳೆ ದಾಟಿದರೆ ಸಿಗುವ ಸಾನ್‌ಚುಂಗ್‌ನಲ್ಲಿ, ಸ್ಕೂಟರ್ ರಿಪೇರಿ ಅಂಗಡಿಗಳ ಸಾಲಿನಲ್ಲಿ, ಜುವಾಂಗ್ ಯಜಮಾನರ ವ್ಯಾಪಾರ. ಹಾಸಿಗೆ ಹಿಡಿದವರಿಗೆ ಬೇಕಾದ ಮಂಚ, ಗಾಳಿಹಾಸಿಗೆ, ಗಾಲಿಕುರ್ಚಿ, ಡೈಪರ್. ಅದರ ಜೊತೆಗೊಂದು ಅಂತರ್ಜಾಲ ಫೋರಂ. ಹೆಸರು 'ಮಗ್ಗುಲು'. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ತಾಯಿ, ಗಂಡ, ಹೆಂಡತಿ ಇರುವವರು ಅಲ್ಲಿ ಬಂದು ಬರೆಯುತ್ತಾರೆ, ಕೇಳುತ್ತಾರೆ, ಅಳುತ್ತಾರೆ, ಯಾವ ಡೈಪರ್ ಸೋರುವುದಿಲ್ಲ ಎಂದು ಜಗಳವಾಡುತ್ತಾರೆ. ಅದನ್ನು ಕಟ್ಟಿದವನೂ ಕಾಯುವವನೂ ಲಾಯ್ ಒಬ್ಬನೇ.

ಫೋರಂ ಶುರುವಾದ ಮೊದಲ ತಿಂಗಳು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಆಗ ಯಜಮಾನರು ಹೇಳಿದ್ದರು: "ಖಾಲಿ ಹೋಟ್ಲಿಗೆ ಯಾರ್ ಬರ್ತಾರೆ? ಕಿಟಕಿ ಹತ್ರ ಇಬ್ರು ಮೂವರನ್ನ ಕೂರಿಸು." ಲಾಯ್ ಕೂರಿಸಿದ, ಸುಳ್ಳು ಹೆಸರಿನಲ್ಲಿ. ಮೂವರು ಏಳಾದರು. ಏಳರಲ್ಲಿ ಒಬ್ಬಾಕೆ 'ಕಿತ್ತಳೆಸಿಪ್ಪೆ'. ದಕ್ಷಿಣದ ಚಿಯಾಯಿ ಕಡೆಯ ಮಿನ್‌ಶುಂಗ್ ಎಂಬ ಊರಿನ ಹೆಂಗಸು. ಗಂಡನಿಗೆ ಲಕ್ವ ಹೊಡೆದಿದೆ. ಹುಟ್ಟದೇ ಇದ್ದ ಆ ಗಂಡನನ್ನು ಲಾಯ್ ಹನ್ನೊಂದು ವರ್ಷ ಬದುಕಿಸಿಕೊಂಡು ಬಂದಿದ್ದ. ಎರಡು ಸಲ ನ್ಯುಮೋನಿಯಾ ಬರಿಸಿ ವಾಸಿಯೂ ಮಾಡಿದ್ದ. ತನ್ನ ಸ್ವಂತ ತಾಯಿಯನ್ನು ಅಷ್ಟು ದಿನ ಉಳಿಸಿಕೊಳ್ಳುವುದು ಅವನ ಕೈಲಾಗಿರಲಿಲ್ಲ. ನಾಲ್ಕು ವರ್ಷದ ಹಾಸಿಗೆಯ ಬಳಿಕ ಆಕೆ ಹೋಗಿದ್ದಳು. ಆಗ ಕಲಿತಿದ್ದನ್ನೆಲ್ಲ ಅವನು ಕಿತ್ತಳೆಸಿಪ್ಪೆಯ ಬಾಯಲ್ಲಿ ಹೇಳಿಸುತ್ತಿದ್ದ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಕೆಳಗೆ ದಿಂಬಿಡಿ, ಅವರಿಗೆ ಕೇಳಿಸುವುದಿಲ್ಲ ಅಂದುಕೊಂಡು ಏನನ್ನೂ ಆಡಬೇಡಿ.

ಇವೆಲ್ಲಕ್ಕೂ ಮಿಗಿಲಾಗಿ 'ನೀಲಿಚಪ್ಪಲಿ' ಎಂಬ ಸದಸ್ಯರೊಬ್ಬರಿದ್ದರು. ಗಂಡಸೋ ಹೆಂಗಸೋ ಲಾಯ್‌ಗೆ ತಿಳಿಯದು. ತಾಯಿ ಹಾಸಿಗೆ ಹಿಡಿದಿದ್ದಾರೆ ಎಂಬುದಷ್ಟೇ ಗೊತ್ತು. ಆರು ವರ್ಷದಿಂದ ದಿನಾ ಬೆಳಿಗ್ಗೆ ಕಿತ್ತಳೆಸಿಪ್ಪೆಗೊಂದು ಕಾಗದ. "ಅಕ್ಕಾ, ಇವತ್ತು ಅಮ್ಮ ಅರ್ಧ ಬಟ್ಟಲು ಗಂಜಿ ಕುಡಿದರು. ನಿಮ್ಮವರು?" ನಲವತ್ತೇಳು ವರ್ಷದ ಒಂಟಿ ಲಾಯ್ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನೋಡುತ್ತಿದ್ದುದು ಆ ಕಾಗದವನ್ನು. ಲೋಕದಲ್ಲಿ ಅವನನ್ನು "ಹೇಗಿದ್ದೀ" ಎಂದು ಕೇಳುತ್ತಿದ್ದುದು ಆ ಒಂದೇ ಜೀವ, ಅದೂ ಅವನನ್ನಲ್ಲ.

ಆ ಬೆಳಿಗ್ಗೆ ಒಂಬತ್ತಕ್ಕೆ ಸಭೆ. ಫೋರಮ್ಮಿನ ಐದನೆಯ ಆವೃತ್ತಿಯಲ್ಲಿ ಯಾವ ಯಾವ ಸೌಲಭ್ಯ ಇರಬೇಕು ಎಂದು ತೀರ್ಮಾನಿಸಬೇಕು. ಕೆಲಸ ಹಿಡಿದಿದ್ದ ಶಿಂಚು ಊರಿನ ಕಂಪನಿಯವರು ಹಳೆಯ ದಾಖಲೆಗಳ ಪ್ರತಿಯನ್ನು ಹಿಂದಿನ ದಿನವೇ ಒಯ್ದಿದ್ದರು. ಮಧ್ಯಾಹ್ನದೊಳಗೆ ಪಟ್ಟಿ ಕೊಟ್ಟರೆ ಸಂಜೆ ಆರಕ್ಕೆ ಹೊಸದು ಶುರು. ಆದರೆ ಅಂಗಡಿಯ ಹಳೆಯ ಯಂತ್ರ ನಾಲ್ಕಕ್ಕಿಂತ ಹೆಚ್ಚು ಹೊರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಬಂದ ಸಲಹೆಗಳು ಇಪ್ಪತ್ತೆರಡು.

ಮೇಜಿನ ಸುತ್ತ ನಾಲ್ವರು. ಯಜಮಾನರು, ಲಾಯ್, ಆ-ಹೂಯ್, ಮತ್ತು ಫೋನಿನಲ್ಲಿ ಮಂಚ ಮಾರುವ ಫಾಂಗ್ ಅಕ್ಕ. ಫಾಂಗ್ ಅಕ್ಕನ ನಾಲಗೆಗೆ ಮೀನು ಕೊಯ್ಯುವ ಚಾಕುವೂ ನಾಚಬೇಕು.

ಮೂರು ಸೌಲಭ್ಯ ಬೇಗ ಮುಗಿದವು. ದಪ್ಪ ಅಕ್ಷರ: ಯಾರ ತಕರಾರೂ ಇಲ್ಲ. ಬೆನ್ನುಹುಣ್ಣಿನ ಚಿತ್ರಗಳಿಗೆ ಮುಸುಕು, ಬೇಕಾದವರು ತೆರೆದು ನೋಡಲಿ.

"ಮೊದ್ಲು ಅದನ್ನ ಮಾಡಿ," ಎಂದಳು ಫಾಂಗ್ ಅಕ್ಕ. "ನೂಡಲ್ಸ್ ಬಾಯಿಗಿಡೋ ಹೊತ್ತಿಗೆ ಸರಿಯಾಗಿ ಯಾರೋ ಅವರಪ್ಪನ ಬೆನ್ನು ತೋರಿಸ್ತಾರೆ. ಈ ಕೆಲಸಕ್ಕೆ ಸೇರಿದ್ಮೇಲೆ ನಾನು ಎಂಟು ಕಿಲೋ ಇಳಿದಿದೀನಿ."

"ಎಲ್ಲಿಂದ ಇಳಿದ್ರಿ ಅಕ್ಕ?" ಎಂದ ಆ-ಹೂಯ್. "ಕಾಣಿಸ್ತಾ ಇಲ್ಲ."

"ನೀನು ದೇವರ ತಿಂಡಿ ತಿಂದು ಎಲ್ಲಿ ಏರಿಸ್ಕೊಂಡ್ಯೋ ಅಲ್ಲಿಂದ."

ಮೂರನೆಯದು ಮೇಣದಬತ್ತಿ. ಇಷ್ಟು ದಿನ ಯಾರಾದರೂ "ಅಪ್ಪ ತೀರಿಕೊಂಡರು" ಎಂದು ಬರೆದರೆ ಉಳಿದವರಿಗೆ ಒತ್ತಲು ಇದ್ದುದು ಒಂದೇ ಗುಂಡಿ, ಹೆಬ್ಬೆರಳು ಎತ್ತಿದ ಗುರುತು. ತಂದೆ ಸತ್ತ ಮಗನಿಗೆ ಮೂವತ್ತು ಜನ ಭೇಷ್ ಎಂದಂತೆ ಕಾಣುತ್ತಿತ್ತು. ಇನ್ನು ಮುಂದೆ ಮೇಣದಬತ್ತಿ ಹಚ್ಚಬಹುದು. ಯಾರು ಹಚ್ಚಿದರು ಎಂಬ ಹೆಸರೂ ಕಾಣುತ್ತದೆ.

ಆಗ ಹತ್ತು ಗಂಟೆಯಾಯಿತು. ಯಜಮಾನರು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಮೇಲಿನ ಮಹಡಿಗೆ ಹೋದರು. ಅವರ ಮನೆ ಅಲ್ಲೇ. ಎರಡು ಗಂಟೆಗೊಮ್ಮೆ ಹೀಗೆ ಹೋಗುವುದು, ಹತ್ತು ನಿಮಿಷಕ್ಕೆ ಇಳಿದು ಬರುವುದು ಅವರ ರೂಢಿ. ಹೆಂಡತಿ ತೀರಿದ ಮೇಲೆ ಕುಡಿಯಲು ಕಲಿತಿದ್ದಾರೆ ಎಂದು ಫಾಂಗ್ ಅಕ್ಕನ ಊಹೆ. ಇಸ್ಪೀಟು ಎಂದು ಆ-ಹೂಯ್‌ನದು. ಮೇಲಕ್ಕೆ ಯಾರನ್ನೂ ಅವರು ಕರೆದವರಲ್ಲ.

ಇಳಿದು ಬಂದವರೇ ನಾಲ್ಕನೆಯ ಸೌಲಭ್ಯವನ್ನು ಮೇಜಿನ ಮೇಲಿಟ್ಟರು. "ವೇಷ ಬಯಲು."

"ಅಂದ್ರೆ?" ಲಾಯ್ ಕೇಳಿದ. ಅಂದರೆ ಏನೆಂದು ಅವನಿಗೆ ಗೊತ್ತಿತ್ತು. ಯಾರು ಎಲ್ಲಿಂದ ಬರೆಯುತ್ತಾರೆ ಎಂದು ತೋರಿಸುವ ಪುಟ ಹಳೆಯ ಫೋರಮ್ಮಿನಲ್ಲೂ ಇತ್ತು. ಸುಳ್ಳು ಹೆಸರು ಕೂರಿಸಿದ ವಾರವೇ ಅದನ್ನು ಮುಚ್ಚಿದವನು ಅವನೇ. ತೆರೆದರೆ ಮೊದಲು ಕಾಣುತ್ತಿದ್ದುದು ಅವನದೇ ಏಳು ಹೆಸರು.

"ಒಂದೇ ಕಡೆ ಕೂತು ಹತ್ತು ಹೆಸರಲ್ಲಿ ಬರೆಯೋರನ್ನ ಹಿಡಿಯೋದು," ಎಂದರು ಯಜಮಾನರು. "ಹೋದ ತಿಂಗಳು ಒಬ್ರು ನಮ್ಮ ಮಂಚದ ಕಂಬಿ ಕಿತ್ತುಬಂತು ಅಂತ ಬರೆದ್ರು. ಅರ್ಧ ಗಂಟೇಲಿ ಒಂಬತ್ತು ಜನ ಅವರ ಮೇಲೆ ಬಿದ್ರು. ಪಾಪ, ಬಿಟ್ಟೇ ಹೋದ್ರು. ಅಲ್ಲಿರೋರು ನೊಂದ ಜನ. ಅವರ ಮಧ್ಯೆ ಮುಖವಾಡ ಹಾಕ್ಕೊಂಡು ಕೂತಿರೋನು ಸಿಗ್ಬೇಕು. ನಮ್ಮ ಆಫೀಸಿನವನೇ ಆಗಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ."

ಕಿಟಕಿ ಹತ್ತಿರ ಇಬ್ಬರು ಮೂವರನ್ನು ಕೂರಿಸು ಎಂದ ಮಾತು ಅವರಿಗೆ ಪೂರ್ತಿ ಮರೆತುಹೋಗಿತ್ತು. ನೆನಪಿಸುವ ಧೈರ್ಯ ಲಾಯ್‌ಗೆ ಇರಲಿಲ್ಲ. ಕೆಲಸ ಹೋಗುವುದು ಒಂದು. ನೀಲಿಚಪ್ಪಲಿ ನಾಳೆ ಬೆಳಿಗ್ಗೆ ಕಿತ್ತಳೆಸಿಪ್ಪೆಯ ಹೆಸರಿನ ಮುಂದೆ 'ಮಂಚದ ಅಂಗಡಿಯ ನೌಕರ' ಎಂದು ಓದುವುದು ಇನ್ನೊಂದು. ಎರಡನೆಯದೇ ಅವನನ್ನು ಹೆಚ್ಚು ಹೆದರಿಸಿತು.

"ಯಜಮಾನ್ರೇ, ಓದಿ ಹೇಳೋ ಸೌಲಭ್ಯ ಹಾಕಿದ್ರೆ ಹೇಗೆ?" ಎಂದ. "ಕಣ್ಣು ಮಂಜಾದ ಮುದುಕರಿಗೆ ಯಂತ್ರಾನೇ ಓದಿ ಹೇಳುತ್ತೆ."

"ಬಹಳ ಒಳ್ಳೇದು!" ಫಾಂಗ್ ಅಕ್ಕ ಮೇಜು ಕುಟ್ಟಿದಳು. ಲಾಯ್ ಬೆಚ್ಚಿಬಿದ್ದ. ಒಂಬತ್ತು ವರ್ಷದಲ್ಲಿ ಆಕೆ ಅವನ ಒಂದು ಮಾತಿಗೂ ಹೂಂ ಅಂದವಳಲ್ಲ.

"ನಂಗೂ ಅದೇ ಬೇಕು," ಎಂದ ಆ-ಹೂಯ್. "ವೇಷ ಗೀಷ ಯಾಕೆ? ಮುದುಕರು ಮುಖ್ಯ."

ಯಜಮಾನರು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. "ಮೂರು ಜನ ಒಂದೇ ಮಾತಾಡಿದ್ದು ಈ ಅಂಗಡೀಲಿ ಇದೇ ಮೊದಲು. ಸರಿ. ಇವತ್ತು ಹೇಗೂ ಹದಿನಾರನೇ ದಿನ. ಭೂಮಿಯಜ್ಜನ್ನೇ ಕೇಳೋಣ."

ಚಾಂದ್ರ ತಿಂಗಳ ಎರಡಕ್ಕೂ ಹದಿನಾರಕ್ಕೂ ನಮ್ಮಲ್ಲಿ ಅಂಗಡಿಯವರೆಲ್ಲ ಬಾಗಿಲ ಮುಂದೆ ಮೇಜು ಹಾಕಿ ಭೂಮಿಯಜ್ಜನಿಗೆ ನೈವೇದ್ಯ ಇಡುತ್ತಾರೆ. ಹಣ್ಣು, ಬಿಸ್ಕತ್ತು, ಟೀ, ಊದುಬತ್ತಿ. ಒಂದು ಪಕ್ಕದಲ್ಲಿ ಗೋಡಂಬಿ ಆಕಾರದ ಎರಡು ಮರದ ತುಂಡು. ಎಸೆದಾಗ ಒಂದು ಬೋರಲು ಒಂದು ಅಂಗಾತ ಬಿದ್ದರೆ ದೇವರು ಹೂಂ ಅಂದ ಹಾಗೆ. ಎರಡೂ ಅಂಗಾತ ಬಿದ್ದರೆ ನಗುತ್ತಿದ್ದಾನೆ, ಹೂಂ ಅಲ್ಲ. ಎರಡೂ ಬೋರಲು ಬಿದ್ದರೆ ಆಗದು. ದೊಡ್ಡ ವಿಷಯಕ್ಕೆ ಸತತ ಮೂರು ಸಲ ಹೂಂ ಬೇಕು.

ಯಜಮಾನರು ಮೊದಲು ಓದಿ ಹೇಳುವ ಸೌಲಭ್ಯ ಕೇಳಿದರು. ಎರಡೂ ಅಂಗಾತ. ದೇವರು ನಕ್ಕ.

ವೇಷ ಬಯಲು ಕೇಳಿದರು. ಹೂಂ. ಮತ್ತೆ ಎಸೆದರು. ಹೂಂ. ಲಾಯ್ ಕಣ್ಣು ಮುಚ್ಚಿ, 'ಅಜ್ಜಾ, ಹಳದಿ ಪೊಟ್ಟಣದ್ದು ತಪ್ಪಾಯ್ತು, ನಾಳೆ ಹನ್ನೆರಡು ಹಸಿರು ತಂದಿಡ್ತೀನಿ' ಎಂದು ಬೇಡಿಕೊಂಡ. ಮೂರನೆಯ ಸಲ ಒಂದು ತುಂಡು ಬೋರಲು ಬಿತ್ತು. ಇನ್ನೊಂದು ಉರುಳಿಕೊಂಡು ಲಾರಿಯ ಕೆಳಗೆ ಹೋಯಿತು.

"ನಾನ್ ತರ್ತೀನಿ," ಎಂದು ಆ-ಹೂಯ್ ತನ್ನ ಮೈಯನ್ನೆಲ್ಲ ಬಾಗಿಸಿದ.

"ಮುಟ್ಬೇಡ!" ಯಜಮಾನರು ಫೋನಿನ ದೀಪ ಹಚ್ಚಿ, ಅರವತ್ತೆರಡರ ವಯಸ್ಸಿನಲ್ಲಿ ರಸ್ತೆಯ ಮೇಲೆ ಮಲಗಿ ಇಣುಕಿದರು. ಆಮೇಲೆ ಲಾರಿಯ ಕೆಳಗಿನಿಂದ ಧ್ವನಿ ಬಂತು. "ಅಂಗಾತ. ಮೂರು ಹೂಂ."

ದೇವರೇ ಹೇಳಿದ ಮೇಲೆ ಮಾತಿಲ್ಲ. ಎದ್ದು ಮೊಣಕೈ ಒರೆಸಿಕೊಳ್ಳುತ್ತಿದ್ದ ಯಜಮಾನರನ್ನು ಫಾಂಗ್ ಅಕ್ಕ ಮೆಲ್ಲಗೆ ಕೇಳಿದಳು: "ಬಿಟ್ಟು ಹೋದ ಸದಸ್ಯರನ್ನೂ ತಡಕಾಡ್ತಾರಾ?"

"ಇಲ್ಲ. ಆರು ಗಂಟೆಗೆ ಯಾರಿರ್ತಾರೋ ಅವರನ್ನ ಮಾತ್ರ. ಹೋದವರ ಬೂದಿ ಯಾಕೆ ಕೆದಕ್ಬೇಕು?"

ಆ ಮಾತು ಲಾಯ್‌ಗೆ ದಾರಿ ತೋರಿಸಿತು.

ಊಟ ಬಿಟ್ಟು ಕೂತ. ಆರಕ್ಕೆ ಮೊದಲು ಏಳೂ ಜನ ಹೊರಡಬೇಕು. ಆದರೆ ಹನ್ನೊಂದು ವರ್ಷ ಕೂತವರು ಸುಮ್ಮನೆ ಎದ್ದು ಹೋದರೆ ಅನುಮಾನ ಬರುತ್ತದೆ. ಹಾಸಿಗೆ ಹಿಡಿದವರ ಮನೆಯಿಂದ ಹೊರಡಲು ನಂಬುವಂಥ ಕಾರಣ ಒಂದೇ. ಮೊದಲು ಒಬ್ಬ ಅಜ್ಜನನ್ನು ಕೊಂದ. ಎರಡನೆಯವಳನ್ನು ಕೊಲ್ಲಲಾಗದೆ ಕೆನಡಾದ ಮಗಳ ಮನೆಗೆ ಕಳಿಸಿದ. ಮೂರನೆಯವನ ಹೊತ್ತಿಗೆ ಕೈ ಪಳಗಿತು. ಬೆಳಗಿನ ಜಾವ, ನೋವಿಲ್ಲದೆ, ಎಲ್ಲರಿಗೂ ಕೃತಜ್ಞತೆ, ಸದಸ್ಯತ್ವ ರದ್ದು.

ನಾಲ್ಕನೆಯದನ್ನು ಹಾಕಿ ಪುಟ ತೆರೆದು ನೋಡಿದರೆ ಅಲ್ಲಿ ಅವನು ಬರೆಯದ ಐದು ಸಾವುಗಳಿದ್ದವು.

ಸೋಯಾಹಾಲು ಎಂಬಾಕೆಯ ಅತ್ತೆ ಹೋಗಿದ್ದರು. ಮೂರನೇಮಹಡಿ ಎಂಬಾತನ ಅಣ್ಣ ಹೋಗಿದ್ದ. ನೋಡನೋಡುತ್ತಿದ್ದಂತೆ ಇನ್ನೂ ಎರಡು. ಗಾಳಿಹಾಸಿಗೆಯ ವಿಷಯಕ್ಕೆ ಕಿತ್ತಳೆಸಿಪ್ಪೆಯ ಜೊತೆ ನಾಲ್ಕು ವರ್ಷ ಕಚ್ಚಾಡಿದ್ದ 'ಆನೆಕಾಲು' ಬರೆದಿದ್ದ: "ನನ್ನ ತಮ್ಮ ಇಂದು ತೀರಿಕೊಂಡ. ಕಿತ್ತಳೆಸಿಪ್ಪೆ ತಾಯಿ, ಹಾಸಿಗೆ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಕ್ಷಮಿಸು." ಹೊರಗೆ ಲಾರಿಯೊಳಗೆ ಕೂತು ಫೋನ್ ಒತ್ತುತ್ತಿದ್ದ ಆ-ಹೂಯ್ ಜೋರಾಗಿ ಮೂಗು ಸೀಟಿದ.

ಎದುರು ಮೇಜಿನಿಂದ ಫಾಂಗ್ ಅಕ್ಕ ತಲೆಯೆತ್ತದೆ ಕೇಳಿದಳು. "ಲಾಯ್, 'ಅಂತ್ಯಕ್ರಿಯೆಗೆ ಮನೆಯವರಷ್ಟೇ, ಯಾರೂ ಬರ್ಬೇಡಿ' ಅನ್ನೋದನ್ನ ಮರ್ಯಾದೆಯಾಗಿ ಹೇಗೆ ಬರೀತಾರೆ?"

"ಯಾರ್ ಹೋದ್ರಕ್ಕ?"

"ಯಾರೂ ಇಲ್ಲ. ವಿಮೆಯವರಿಗೆ ಕಾಗದ."

ಲಾಯ್ ಒಂದು ವಾಕ್ಯ ಹೇಳಿದ. ಎರಡು ನಿಮಿಷದ ಬಳಿಕ ಅದೇ ವಾಕ್ಯ, ಅಕ್ಷರವೂ ಬದಲಾಗದೆ, ಫೋರಮ್ಮಿನಲ್ಲಿ 'ಬಿದಿರುಮೊಳಕೆ' ಎಂಬಾಕೆಯ ಗಂಡನ ಸಾವಿನ ಕೆಳಗೆ ಕಾಣಿಸಿತು.

ಅವನು ತಲೆಯೆತ್ತಿದ. ಆಕೆಯೂ ಎತ್ತಿದಳು. ಬಾಗಿಲಲ್ಲಿ ಕೆಂಪು ಮೂಗಿನ ಆ-ಹೂಯ್ ಬಂದು ನಿಂತಿದ್ದ.

"ಎಷ್ಟು?" ಎಂದಳು ಫಾಂಗ್ ಅಕ್ಕ, ಉಸಿರಲ್ಲಿ.

"ಏಳು," ಎಂದ ಲಾಯ್.

"ನಂದು ಹನ್ನೊಂದು. ಮಂಚ ಹೊಗಳೋಕೆ ಅಂತ ಶುರು ಮಾಡಿದ್ದು, ಆಮೇಲೆ ಬಿಡಕ್ಕಾಗ್ಲಿಲ್ಲ."

ಆ-ಹೂಯ್ ನೆಲ ನೋಡಿದ. "ಹದಿಮೂರು. ಲಾರೀಲಿ ಕಾಯೋವಾಗ ಬೇಜಾರಾಗುತ್ತಲ್ಲ."

ಫೋರಮ್ಮಿನಲ್ಲಿ ಬಾಯಿ ತೆರೆದು ಮಾತಾಡುವವರು ಮೂವತ್ತೆರಡು ಜನ. ಲಾಯ್ ಕೂಡಿಸಿ ನೋಡಿದ. ಮತ್ತೊಮ್ಮೆ ಕೂಡಿಸಿದ. ಆನೆಕಾಲು ಎಂಬ ಆ-ಹೂಯ್ ಜೊತೆಗಿನ ನಾಲ್ಕು ವರ್ಷದ ಜಗಳ ಹತ್ತು ಹೆಜ್ಜೆ ದೂರದಲ್ಲಿ ನಡೆದಿತ್ತು. ಇಬ್ಬರೂ ದಿನಾ ಒಂದೇ ಡಬ್ಬಿಯಿಂದ ಟೀ ಸೊಪ್ಪು ಹಾಕಿಕೊಂಡಿದ್ದರು. ಲಾಯ್ ಇಬ್ಬರನ್ನೂ ಕೇಳಿದ: "ನೀಲಿಚಪ್ಪಲಿ ಯಾರದು?"

"ನಂದಲ್ಲ," ಎಂದಳು ಫಾಂಗ್ ಅಕ್ಕ.

"ನಂದೂ ಅಲ್ಲ."

ಹಾಗಾದರೆ ಮೂವತ್ತೆರಡರಲ್ಲಿ ನಿಜವಾದದ್ದು ಅದೊಂದೇ. ಲಾಯ್‌ಗೆ ಒಂದು ಕ್ಷಣ ಹೇಳಲಾರದಷ್ಟು ಸಂತೋಷವಾಯಿತು. ಅದರ ಹಿಂದೆಯೇ ಹೊಳೆದದ್ದು ಸಂತೋಷದ ಮಾತಲ್ಲ. ಆ ಒಬ್ಬರ ಮೂವತ್ತೊಂದು ಜನ ಬಂಧುಬಳಗವನ್ನು ಈ ಮೂವರೂ ಕೂಡಿ ಒಂದೇ ಮಧ್ಯಾಹ್ನ ಮುಗಿಸುತ್ತಿದ್ದಾರೆ.

ಸಂಜೆ ನಾಲ್ಕು ಹೊಡೆದ ಬಳಿಕ ಯಜಮಾನರು ಮಹಡಿಯಿಂದ ಇಳಿದು ಬಂದರು. ಮುಖ ಬೆಂದ ಮೂಲಂಗಿಯ ಹಾಗಿತ್ತು. "ದಕ್ಷಿಣದ ಕಡೆ ಏನಾದ್ರೂ ಜ್ವರ ಹಬ್ಬಿದೆಯಾ?" ಎಂದು ಕೇಳಿದರು. "ಚಿಯಾಯಿ ಕಡೆ?"

"ಗೊತ್ತಿಲ್ಲ ಯಜಮಾನ್ರೇ."

"ಹೂಂ," ಎಂದು, ಬಂದ ಕೆಲಸ ಮರೆತವರಂತೆ ಮೇಲಕ್ಕೆ ಹೋದರು.

ಐದೂವರೆಯ ತನಕ ಲಾಯ್ ಕಿತ್ತಳೆಸಿಪ್ಪೆಯನ್ನು ಮುಟ್ಟಲಿಲ್ಲ. ಫಾಂಗ್ ಅಕ್ಕ ಬಂದು ಅವನ ಕುರ್ಚಿಯ ಹಿಂದೆ ನಿಂತಳು. "ಬರೆಯೋ. ಒಬ್ಬ ಸಿಕ್ಕಿದ್ರೆ ಮೂರೂ ಜನ ಬೀದಿಪಾಲು." ಅವಳ ದನಿಯಲ್ಲಿ ಆಗ ಚಾಕು ಇರಲಿಲ್ಲ.

ಲಾಯ್ ಬರೆದ. ಎರಡೇ ಸಾಲು. "ಇಂದು ಮಧ್ಯಾಹ್ನ ನಮ್ಮವರು ಹೋದರು. ಕೊನೆಯ ಸಲ ಮಗ್ಗುಲು ಬದಲಿಸುವಾಗ ನನ್ನ ಕೈ ಹಿಡಿದಿದ್ದರು." ಅದು ಅವನ ತಾಯಿಗೆ ಆಗಿದ್ದದ್ದು.

ಒಂದು ನಿಮಿಷವೂ ಆಗಿರಲಿಲ್ಲ, ನೀಲಿಚಪ್ಪಲಿಯ ಕಾಗದ ಬಂತು. "ಅಕ್ಕಾ, ನೀವು ಹೋಗಬೇಡಿ. ಇವತ್ತು ಎಲ್ಲರೂ ಹೋಗುತ್ತಿದ್ದಾರೆ. ನೀವಾದರೂ ಇರಿ." ಲಾಯ್‌ನ ಬೆರಳು ಅಕ್ಷರಗಳ ಮೇಲೆ ಹೋಗಿ ನಿಂತಿತು. ಗಡಿಯಾರ ಆರಕ್ಕೆ ಐದು ನಿಮಿಷ ಇದೆ ಎಂದಿತು. ಸದಸ್ಯತ್ವ ರದ್ದು.

ಆರಕ್ಕೆ ಹೊಸ ಫೋರಂ ತೆರೆಯಿತು. ಯಂತ್ರ ಒಂದು ಸಲವೂ ಕೆಮ್ಮಲಿಲ್ಲ. ಹಳದಿ ಪೊಟ್ಟಣದ ಬಗ್ಗೆ ಹೆದರಿದ್ದೊಂದೇ ಆ ದಿನ ನಡೆಯದೆ ಉಳಿಯಿತು. ದಪ್ಪ ಅಕ್ಷರ ದಪ್ಪಗಿತ್ತು. ಹುಣ್ಣುಗಳಿಗೆ ಮುಸುಕು ಬಿದ್ದಿತ್ತು. ವೇಷ ಬಯಲಿನ ವರದಿ ಬಂತು: 'ಮಾತಾಡುವ ಸದಸ್ಯರು ಒಬ್ಬರು. ನಕಲಿ ಯಾರೂ ಇಲ್ಲ.'

ಮೂವರೂ ಪರದೆಯ ಮುಂದೆ ನಿಂತು ನೋಡುತ್ತಿದ್ದಂತೆ ಮೊದಲ ಮೇಣದಬತ್ತಿ ಹತ್ತಿತು, ಸೋಯಾಹಾಲಿನ ಅತ್ತೆಗೆ. ಪಕ್ಕದಲ್ಲಿ ಹೆಸರು: ನೀಲಿಚಪ್ಪಲಿ. ಆಮೇಲೆ ಮೂರನೇಮಹಡಿಯ ಅಣ್ಣನಿಗೆ. ಆನೆಕಾಲಿನ ತಮ್ಮನಿಗೆ. ಒಂದೊಂದಾಗಿ, ಯಾರನ್ನೂ ಬಿಡದೆ, ಕೆನಡಾಕ್ಕೆ ಹೋದವಳಿಗೂ ಒಂದು. ಮೂವತ್ತೊಂದನೆಯದು ಕಿತ್ತಳೆಸಿಪ್ಪೆಯ ಗಂಡನಿಗೆ. ಅದು ಹತ್ತಿದ ಬಳಿಕ ಪರದೆ ಅಲ್ಲಾಡಲಿಲ್ಲ.

ಮೆಟ್ಟಿಲ ಮೇಲೆ ಚಟಪಟ ಸದ್ದಾಯಿತು. ಯಜಮಾನರು ಇಳಿದು ಬರುತ್ತಿದ್ದರು. ಸದಾ ಕಪ್ಪು ಬೂಟಿನಲ್ಲಿರುವ ಅವರ ಕಾಲಲ್ಲಿ ಮನೆಯೊಳಗೆ ಹಾಕುವ ನೀಲಿ ರಬ್ಬರ್ ಚಪ್ಪಲಿ. ಬದಲಿಸುವುದನ್ನು ಮರೆತಿದ್ದರು.

"ವರದಿ ನೋಡ್ದೆ," ಎಂದರು. ಕಣ್ಣು ಕೆಂಪಾಗಿತ್ತು. "ಒಬ್ಬನೂ ನಕಲಿ ಇಲ್ಲ. ಎಲ್ಲಾ ನಿಜವಾದ ಜನ ಕಣಯ್ಯ. ನಾನೇ ಸುಮ್ನೆ ಅನುಮಾನ ಪಟ್ಟೆ." ಕುರ್ಚಿ ಎಳೆದು ಕೂತರು. "ನಿಮಗೆ ಯಾರಿಗೂ ಹೇಳಿಲ್ಲ. ಮೇಲೆ ನಮ್ಮಮ್ಮ ಮಲಗಿದಾರೆ, ಆರು ವರ್ಷ ಆಯ್ತು. ಚಿಯಾಯಿ ಕಡೆ ಒಬ್ಬಾಕೆ ಇದಾಳೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಆಕೆ ಹೇಳಿಕೊಟ್ಟಿದ್ದಕ್ಕೇ ಅಮ್ಮನ ಬೆನ್ನಲ್ಲಿ ಒಂದು ಹುಣ್ಣಿಲ್ಲ. ಯಾವನಾದ್ರೂ ಸುಳ್ಳುಗಾರ ಆಕೆಗೆ ಮೋಸ ಮಾಡಿಯಾನು ಅಂತಾನೇ ಈ ಸೌಲಭ್ಯ ಬೇಕು ಅಂದೆ. ಇವತ್ತು ಆಕೆ ಗಂಡ ಹೋದ."

ಲಾಯ್ ಬಾಯಿ ತೆರೆದ. ಫಾಂಗ್ ಅಕ್ಕ ಅವನ ಕಾಲು ತುಳಿದಳು.

ಯಜಮಾನರು ಜೇಬಿನಿಂದ ಬಿಳಿ ಲಕೋಟೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಸಾವಿನ ಮನೆಗೆ ಹಣವಿಟ್ಟು ಒಯ್ಯುವಂಥವು. ಜೊತೆಗೆ ಅಂಚು ಸವೆದ ಒಂದು ನೋಟುಪುಸ್ತಕ. "ಯಾರ ಮನೆ ಎಲ್ಲಿ, ಬಾಗಿಲ ಮುಂದೆ ಏನಿದೆ, ಬರೆದಿದ್ದನ್ನೆಲ್ಲ ಗುರುತು ಹಾಕ್ಕೊಂಡಿದೀನಿ. ಉಳಿದೋರು ಊರು ಬಿಟ್ರು, ಸತ್ತಿರೋದು ಹತ್ತೊಂಬತ್ತು ಮನೆ. ಎಲ್ಲಾ ಕಡೆ ಹೋಗಿ ಊದುಬತ್ತಿ ಹಚ್ಚಿ ಬರೋಣ. ಆ-ಹೂಯ್, ನಾಳೆ ಬೆಳಿಗ್ಗೆ ಆರಕ್ಕೆ ಲಾರಿ ತೆಗಿ. ಫಾಂಗ್, ನೀನು ಅಮ್ಮನ ಹತ್ರ ಇರು. ಲಾಯ್, ನೀನು ನನ್ನ ಜೊತೆ ಬಾ."

"ಎಲ್ಲಿಗೆ ಯಜಮಾನ್ರೇ?"

"ಮೊದಲು ಮಿನ್‌ಶುಂಗ್. ಹಳದಿ ಗೇಟಿನ ಮನೆ, ಮುಂದೊಂದು ಸೀಬೆ ಮರ, ಪಕ್ಕದಲ್ಲಿ ಹಳೇ ಇಟ್ಟಿಗೆ ಗೂಡು." ಪುಸ್ತಕ ಮುಚ್ಚಿ ಲಾಯ್‌ನ ಮುಖ ನೋಡಿದರು. "ನಿಂಗೆ ಆ ಕಡೆ ದಾರಿ ಗೊತ್ತಲ್ವಾ?"

"ಗೊತ್ತು ಯಜಮಾನ್ರೇ," ಎಂದ ಲಾಯ್, ಹನ್ನೊಂದು ವರ್ಷದ ಅಭ್ಯಾಸಬಲದಿಂದ.